ಓದಿದ ಮುಖ, ನೋಡಿದ ಮುಖ



ಕಳೆದ ದೀಪಾವಳಿಗೆ ಶಿವಮೊಗ್ಗೆಯ ನಮ್ಮ ಮನೆಗೆ ಬಂದಿದ್ದ ನನ್ನ ತಮ್ಮನ ಮಗಳು, ಊಟವಾದ ಮೇಲೆ ಜಗಲಿಯ ಮೂಲೆಯೊಂದನ್ನು ಹಿಡಿದು ಕುಳಿತು, ಎರಡು ಕಿವಿಗೂ ಗುಬುಟುಗಳನ್ನು ಸಿಕ್ಕಿಸಿಕೊಂಡು, ಅಂಗೈಯಗಲದ ತೆರೆಯನ್ನು ದಿಟ್ಟಿಸುತ್ತಿದ್ದಳು. ಮನೆತುಂಬ ನೆಂಟರು. ಒಳಗೆ ಮಾತು, ನಗು. ಅವಳ ಮುಖದಲ್ಲಿ ಮಾತ್ರ ಬೇರೆಯೇ ಊರಿನ ಬೆಳಕು. ಏನು ನೋಡುತ್ತಿದ್ದೀಯಮ್ಮ ಎಂದು ಕೇಳಿದೆ. "ಮಾರ್ಕ್ವೆಜ್, ದೊಡ್ಡಪ್ಪ" ಎಂದಳು. ನನಗೆ ತುಸು ಗಾಬರಿಯಾಯಿತು. ಮಾರ್ಕ್ವೆಜ್ ಎಂದರೆ ನಮ್ಮ ತಲೆಮಾರಿನವರಿಗೆ ಓದುವ ವಸ್ತು. ಅದೂ ಪೆನ್ಸಿಲು ಹಿಡಿದು, ಹಿಂದಿನ ಪುಟಕ್ಕೆ ಮತ್ತೆ ಮತ್ತೆ ಮರಳಿ, ಬೆವರಿಳಿಸಿ ಓದುವ ವಸ್ತು. ಇವಳು ಕೋಡುಬಳೆ ಮೆಲ್ಲುತ್ತ ನೋಡುತ್ತಿದ್ದಳು!

ಅವಳು ನೋಡುತ್ತಿದ್ದುದು 'ನೂರು ವರ್ಷಗಳ ಏಕಾಂತ'ದ ಸರಣಿ ರೂಪಾಂತರ. ನೆಟ್‌ಫ್ಲಿಕ್ಸ್ ಎಂಬ ಸಂಸ್ಥೆ 2019ರಲ್ಲಿ ಈ ಕಾದಂಬರಿಯ ಹಕ್ಕನ್ನು ಪಡೆದು, 2024ರ ಡಿಸೆಂಬರಿನಲ್ಲಿ ಮೊದಲ ಎಂಟು ಕಂತುಗಳನ್ನು ಒಮ್ಮೆಗೇ ಬಿಡುಗಡೆ ಮಾಡಿತು. ಒಟ್ಟು ಹದಿನಾರು ಕಂತುಗಳ ಯೋಜನೆ ಅದು. ಇದರ ಹಿಂದೆ ಒಂದು ದೀರ್ಘವಾದ ನಿರಾಕರಣೆಯ ಕಥೆಯಿದೆ. ಕಾದಂಬರಿ ಪ್ರಕಟವಾದದ್ದು 1967ರಲ್ಲಿ. ಲೇಖಕ ತೀರಿಕೊಂಡದ್ದು 2014ರಲ್ಲಿ. ನಡುವಿನ ಈ ನಲವತ್ತೇಳು ವರ್ಷ ಅದನ್ನು ಚಿತ್ರ ಮಾಡಲು ಅವರು ಒಪ್ಪಲಿಲ್ಲ. ಚಲನಚಿತ್ರವೆಂದರೆ ಮೂಗು ಮುರಿಯುವ ಪಂಡಿತರೇನೂ ಅವರಾಗಿರಲಿಲ್ಲ. ಯೌವನದಲ್ಲಿ ರೋಮ್ ನಗರಕ್ಕೆ ಹೋಗಿ ಆ ವಿದ್ಯೆಯನ್ನೇ ಕಲಿತವರು. ಮುಂದೆ 1986ರಲ್ಲಿ ಕ್ಯೂಬಾದಲ್ಲಿ ಒಂದು ಚಲನಚಿತ್ರ ಶಾಲೆಯ ಸ್ಥಾಪಕರಲ್ಲಿ ಒಬ್ಬರಾದವರು. ತಮ್ಮ ಬೇರೆ ಕೃತಿಗಳನ್ನು ತೆರೆಗೆ ಕೊಟ್ಟವರು ಕೂಡ. ಈ ಒಂದನ್ನು ಮಾತ್ರ ಕೊಡಲಿಲ್ಲ. ಎರಡು ಗಂಟೆಯ ಚಿತ್ರದಲ್ಲಿ ಇದು ಹಿಡಿಯುವುದಿಲ್ಲ, ಸ್ಪ್ಯಾನಿಷ್ ಅಲ್ಲದ ಭಾಷೆಯಲ್ಲಿ ಇದು ನುಡಿಯುವುದಿಲ್ಲ ಎಂಬುದು ಅವರ ತಕರಾರು. ಕಡೆಗೆ ಅವರ ಮಕ್ಕಳು ಒಪ್ಪಿದಾಗ ಸರಣಿ ಸ್ಪ್ಯಾನಿಷ್ ಭಾಷೆಯಲ್ಲಿಯೇ, ಕೊಲಂಬಿಯಾ ದೇಶದಲ್ಲಿಯೇ, ಮಕೊಂಡೊ ಎಂಬ ಊರನ್ನು ಹೊಸದಾಗಿ ಕಟ್ಟಿ ಚಿತ್ರಿತವಾಯಿತು. ತಕರಾರಿನ ಎರಡು ಭಾಗಗಳಿಗೂ ಕಾಲವೇ ಉತ್ತರ ಕೊಟ್ಟಿತೆನ್ನಬಹುದು.

ಆದರೆ ಮೂರನೆಯದೊಂದು ಅಳುಕು ಅವರಲ್ಲಿತ್ತು. ನನ್ನನ್ನು ಬಹುಕಾಲದಿಂದ ಕಾಡಿರುವುದು ಅದೇ. ಓದುಗರು ತಮ್ಮ ಚಿಕ್ಕಪ್ಪನನ್ನೋ ಅಜ್ಜಿಯನ್ನೋ ಪಾತ್ರಗಳಲ್ಲಿ ಕಂಡುಕೊಳ್ಳುತ್ತಾರೆ. ತೆರೆಯ ಮೇಲೆ ಒಬ್ಬ ನಟನ ಮುಖ ಬಂದು ಕೂತ ಗಳಿಗೆಯಲ್ಲಿ ಆ ನೆಂಟಸ್ತಿಕೆ ಕಡಿದುಹೋಗುತ್ತದೆ ಎಂಬ ಅಳುಕು. ಕೇವಲ ಭಾವುಕತೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಈ ಕಾದಂಬರಿಯಲ್ಲಿ ಆರೇಳು ತಲೆಮಾರುಗಳ ಗಂಡಸರಿಗೆ ಎರಡೇ ಹೆಸರು: ಹೊಸೆ ಅರ್ಕಾಡಿಯೊ, ಇಲ್ಲವೆ ಔರೆಲಿಯಾನೊ. ಒಬ್ಬ ಕರ್ನಲ್‌ನಿಗೆ ಹುಟ್ಟಿದ ಹದಿನೇಳು ಮಕ್ಕಳೂ ಔರೆಲಿಯಾನೊಗಳೇ. ಎಳೆತನದಲ್ಲಿ ಹೆಸರು ಅದಲುಬದಲು ಮಾಡಿ ಆಡುತ್ತಿದ್ದ ಅವಳಿಗಳಿಬ್ಬರು ಕಡೆಗೆ ಒಬ್ಬನ ಗೋರಿಯಲ್ಲಿ ಇನ್ನೊಬ್ಬ ಮಲಗುತ್ತಾರೆ. ಓದುವವನಿಗೆ ನೂರು ಪುಟವಾಗುವಷ್ಟರಲ್ಲಿ ಯಾರು ಮಗ, ಯಾರು ಮೊಮ್ಮಗ ಎಂಬುದೇ ಮಸುಕಾಗುತ್ತದೆ. ಮೊದಲ ಓದಿನಲ್ಲಿ ನಾನು ಇದನ್ನು ಲೇಖಕನ ಅಲಕ್ಷ್ಯವೆಂದೇ ಭಾವಿಸಿ ಬೇಸರಪಟ್ಟಿದ್ದೆ. ಎರಡನೆಯ ಓದಿನಲ್ಲಿ ಅರ್ಥವಾಯಿತು: ಆ ಮಸುಕೇ ಕಥೆ. ವಂಶವೊಂದು ತನ್ನನ್ನೇ ಪುನರಾವರ್ತಿಸಿಕೊಳ್ಳುತ್ತ ಅಳಿಯುವುದನ್ನು ಲೇಖಕ ನಮ್ಮ ಮರೆವಿನ ಮೂಲಕವೇ ಅನುಭವಕ್ಕೆ ತರುತ್ತಾನೆ. ತೆರೆಯ ಮೇಲಾದರೋ ಪ್ರತಿಯೊಬ್ಬ ಔರೆಲಿಯಾನೊನಿಗೂ ಬೇರೆ ಮೂಗು, ಬೇರೆ ಮೀಸೆ, ಬೇರೆ ನಡಿಗೆ. ಗೊಂದಲ ತಿಳಿಯಾಗುತ್ತದೆ. ತಿಳಿಯಾದಷ್ಟೂ ಒಂದು ಅರ್ಥ ಸೋರಿಹೋಗುತ್ತದೆ. ಇದು ನಿರ್ದೇಶಕರ ತಪ್ಪಲ್ಲ. ಕ್ಯಾಮರಾಕ್ಕೆ ಮುಖವಿಲ್ಲದ ಮನುಷ್ಯನನ್ನು ತೋರಿಸುವ ವಿದ್ಯೆ ತಿಳಿಯದು, ಅಷ್ಟೆ.

ರೂಪಾಂತರವೆಂಬುದು ನಮಗೆ ಹೊಸದೇನಲ್ಲ. ಕನ್ನಡ ಸಾಹಿತ್ಯದ ಹೆಬ್ಬಾಗಿಲಲ್ಲೇ ಅದು ನಿಂತಿದೆ. ಪಂಪ 941ರಲ್ಲಿ ವ್ಯಾಸಭಾರತವನ್ನು ಕನ್ನಡಿಸಿದಾಗ ಮಾಡಿದ್ದಾದರೂ ಏನು? ತನ್ನ ಪ್ರಭು ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಹೊಂದಿಸಿದ. ಆ ಹೊಂದಾಣಿಕೆಗೆ ಅಡ್ಡಿಯಾಗುವುದೆಂದು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ಇಂದಿನ ಚಿತ್ರಕಥಾಕಾರ ಇಷ್ಟು ದೊಡ್ಡ ಬದಲಾವಣೆಯನ್ನು ಮಾಡಿದ್ದರೆ ನಾವು ಪತ್ರಿಕೆಗಳಿಗೆ ಕಾಗದ ಬರೆಯುತ್ತಿದ್ದೆವು. ರನ್ನನ ದಾರಿ ಬೇರೆ. ಅವನು ಭಾರತದ ಕೊನೆಯ ಗದಾಯುದ್ಧವೊಂದನ್ನೇ ಹಿಡಿದು ನಿಂತು, ಅಲ್ಲಿಂದ ಸಿಂಹದಂತೆ ಹಿಂತಿರುಗಿ ಇಡೀ ಕಥೆಯನ್ನು ನೋಡಿದ. ಎರಡು ಗಂಟೆಯ ಚಿತ್ರಕ್ಕೆ ಇದಕ್ಕಿಂತ ಉತ್ತಮವಾದ ಪಾಠ ನನಗೆ ತಿಳಿದಂತೆ ಯಾವ ದೇಶದ ಚಿತ್ರಕಥೆಯ ಕೈಪಿಡಿಯಲ್ಲಿಯೂ ಇಲ್ಲ. ಇನ್ನು ಕುಮಾರವ್ಯಾಸನನ್ನು ಊರೂರಿಗೆ ಮುಟ್ಟಿಸಿದ ಗಮಕಿಗಳನ್ನು ನೆನೆಯಿರಿ. ನಮ್ಮ ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯಲ್ಲಿ ಇಂದಿಗೂ ಆ ವಿದ್ಯೆ ಜೀವಂತವಾಗಿದೆ. ವಾಚನಕಾರ ಪದ್ಯ ಹಾಡುತ್ತಾನೆ, ವ್ಯಾಖ್ಯಾನಕಾರ ಬಿಡಿಸಿ ಹೇಳುತ್ತಾನೆ, ಕಥೆ ಸಂಜೆಯಿಂದ ಸಂಜೆಗೆ ಹರಿಯುತ್ತದೆ. 'ವಿರಾಟಪರ್ವ ನಾಳೆ' ಎಂದು ಪುಸ್ತಕ ಮಡಿಸಿದಾಗ ಜನ ನಿಟ್ಟುಸಿರಿಟ್ಟು ಏಳುತ್ತಾರೆ. ಧಾರಾವಾಹಿಯ ಹುಟ್ಟನ್ನು ಎಲ್ಲೋ ಹುಡುಕುವವರು ಒಮ್ಮೆ ಆ ಜಗಲಿಯಲ್ಲಿ ಕುಳಿತು ಬರಬೇಕು.

ಕನ್ನಡ ಚಲನಚಿತ್ರ ಕಾದಂಬರಿಗೆ ಹತ್ತಿರವಾದದ್ದು ಮುಖ್ಯವಾಗಿ 1960ರ ಮತ್ತು 70ರ ದಶಕಗಳಲ್ಲಿ. ತ್ರಿವೇಣಿ, ಎಂ. ಕೆ. ಇಂದಿರಾ, ತ. ರಾ. ಸು., ಟಿ. ಕೆ. ರಾಮರಾವ್ ಇವರ ಹೆಸರುಗಳು ಪೋಸ್ಟರುಗಳ ಮೇಲೆ ನಟರ ಹೆಸರಿನ ಜೊತೆಗೇ ಕಾಣುತ್ತಿದ್ದ ಕಾಲವದು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು ಓದಿದ ಗೃಹಿಣಿಯರು ಅದೇ ಕಥೆಯನ್ನು ನೋಡಲು ಟಾಕೀಸಿಗೆ ಹೋಗುತ್ತಿದ್ದರು. 'ಶರಪಂಜರ'ವನ್ನು ನೋಡಿ ಬಂದ ನನ್ನ ತಾಯಿ, "ಕಲ್ಪನಾ ಚೆನ್ನಾಗಿ ಮಾಡಿದ್ದಾಳೆ, ಆದರೆ ನನ್ನ ಕಾವೇರಿ ಇನ್ನೂ ಸ್ವಲ್ಪ ಕಪ್ಪು" ಎಂದದ್ದು ನನಗೆ ಇನ್ನೂ ಕಿವಿಯಲ್ಲಿದೆ. 'ನನ್ನ ಕಾವೇರಿ' ಎಂಬ ಆ ಸ್ವಾಮ್ಯ, ಮಾರ್ಕ್ವೆಜ್ ಅಳುಕಿದ್ದ ಅದೇ ಸ್ವಾಮ್ಯ. ಆಕೆಯ ಸಂದರ್ಭದಲ್ಲಿ ಅದು ತೆರೆಯ ಎದುರಿಗೂ ಸೋಲಲಿಲ್ಲವೆಂಬುದನ್ನು ಗಮನಿಸಬೇಕು.

ಲೇಖಕರು ಮಾತ್ರ ಯಾವಾಗಲೂ ಇಷ್ಟು ಉದಾರಿಗಳಾಗಿರಲಿಲ್ಲ. ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ 'ನಾಗರಹಾವು' ಮಾಡಿದಾಗ ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರದೊಳಕ್ಕೆ ಹೆಣೆದರು. ಜನ ಅದನ್ನು ತಲೆಯ ಮೇಲೆ ಹೊತ್ತರು. ಚಿತ್ರದುರ್ಗದ ಕೋಟೆಯನ್ನು ನೋಡಿದಾಗಲೆಲ್ಲ ರಾಮಾಚಾರಿ ನೆನಪಾಗುವಂತಾಯಿತು. ಮೂಲ ಲೇಖಕರಿಗೆ ಸಮಾಧಾನವಾಗಲಿಲ್ಲ. ನಾಗರಹಾವು ತೆರೆಗೆ ಬರುವಷ್ಟರಲ್ಲಿ ಕೇರೆಹಾವಾಯಿತೆಂದು ಅವರು ಹೇಳಿದರೆಂಬುದು ಈಗ ದಂತಕಥೆಯಂತೆ ಬಾಯಿಂದ ಬಾಯಿಗೆ ಹರಿದಿದೆ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಹೇಳುವ ಉತ್ಸಾಹ ನನಗಿಲ್ಲ. ಚಾಮಯ್ಯ ಮೇಷ್ಟರನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಬರುವುದು ಅಶ್ವಥ್ ಅವರ ಮುಖವೇ.

'ಸಂಸ್ಕಾರ'ದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಅನಂತಮೂರ್ತಿಯವರ ಆ ಕಾದಂಬರಿ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರಲ್ಲಿ. ಕಾದಂಬರಿಯ ಮೊದಲ ಭಾಗ ಕ್ಯಾಮರಾಕ್ಕೆಂದೇ ಬರೆದಂತಿದೆ: ಅಗ್ರಹಾರ, ಹೆಣ, ಹದ್ದುಗಳು, ಹಸಿವು. ಪ್ರಾಣೇಶಾಚಾರ್ಯರು ಊರು ಬಿಟ್ಟು ನಡೆಯತೊಡಗಿದ ಮೇಲೆ ಮಾತ್ರ ಕಥೆ ಅವರ ತಲೆಯೊಳಗೆ ನಡೆಯುತ್ತದೆ. ಹೊರಗೆ ನೋಡಿದರೆ ಒಬ್ಬ ಮನುಷ್ಯ ಮೇಳಿಗೆಯ ತೇರಿನಲ್ಲಿ ಅಲೆಯುತ್ತಿದ್ದಾನೆ. ಒಳಗೆ ಒಂದು ಲೋಕವೇ ಕುಸಿಯುತ್ತಿದೆ. ಗಿರೀಶ ಕಾರ್ನಾಡರ ಮೌನ, ಟಾಮ್ ಕೋವನ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನ ಕಪ್ಪು-ಬಿಳುಪು ಬೆಳಕು, ರಾಜೀವ ತಾರಾನಾಥರ ಸಂಗೀತ ಇವೆಲ್ಲ ಸೇರಿ ಆ ಕುಸಿತದ ಸದ್ದನ್ನು ಕೇಳಿಸಲು ಪ್ರಯತ್ನಿಸಿದವು. ಅರ್ಧ ಕೇಳಿಸಿತು ಎನ್ನುತ್ತೇನೆ. ಆ ಅರ್ಧವೂ ಸಣ್ಣದಲ್ಲ. ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿತ್ತು; ಬಳಿಕ ಅದೇ ಚಿತ್ರ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಕಾದಂಬರಿಯನ್ನು ನಿಷೇಧಿಸದೆ ಚಿತ್ರವನ್ನು ತಡೆದರೆಂಬುದು ತೆರೆಯ ಶಕ್ತಿಗೆ ಸಿಕ್ಕ ಒಂದು ಬಗೆಯ ಗೌರವವೇ ಸರಿ.

ದೂರದರ್ಶನ ಬಂದಾಗ ಕಾಲದ ಇಕ್ಕಟ್ಟು ಸಡಿಲವಾಯಿತು. ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯನ್ನು ಗೋವಿಂದ ನಿಹಲಾನಿಯವರು 1988ರಲ್ಲಿ ಕಂತುಗಳಲ್ಲಿ ತಂದರು. ಅದನ್ನು ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. ಕನ್ನಡದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿಸಿದ ರೀತಿ. ಆ ಕಾದಂಬರಿಯ ನಂಜಮ್ಮ, ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮನೆ ನಡೆಸುತ್ತಾಳೆ. ವರ್ಷಕ್ಕೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ಜಮಾಬಂದಿ, ಮತ್ತೆ ಲೆಕ್ಕ. ಚಲನಚಿತ್ರವಾಗಿದ್ದರೆ ಇದನ್ನು ಒಂದು ದೃಶ್ಯದಲ್ಲಿ ಮುಗಿಸಬೇಕಾಗುತ್ತಿತ್ತು. ಧಾರಾವಾಹಿಯಲ್ಲಿ ಆಕೆ ಮತ್ತೆ ಮತ್ತೆ ದೀಪದ ಮುಂದೆ ಕುಳಿತು ರೂಲು ಎಳೆಯುವುದನ್ನು ನಾವೂ ಸಂಜೆಯಿಂದ ಸಂಜೆಗೆ ಕುಳಿತು ನೋಡಿದೆವು. ಆ ದುಡಿಮೆಯ ತೂಕ ನಮ್ಮ ಮೈಗೂ ತಗುಲಿತು. ಪ್ಲೇಗು ಬಂದು ಬೆಳೆದ ಇಬ್ಬರು ಮಕ್ಕಳನ್ನು ಒಯ್ದಾಗ ನಮ್ಮ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಅತ್ತೆ ಗಂಗಮ್ಮನ ಬೈಗುಳಗಳನ್ನು ಪುಸ್ತಕದಲ್ಲಿ ಒಬ್ಬೊಬ್ಬರೇ ಓದಿ ಒಳಗೊಳಗೇ ನಕ್ಕವರು, ಅವು ನಡುಮನೆಯಲ್ಲಿ ಸೊಸೆಯಂದಿರ ಎದುರು ಧ್ವನಿಯಾಗಿ ಕೇಳಿದಾಗ ಮುಖ ತಿರುಗಿಸಿಕೊಂಡದ್ದನ್ನೂ ಕಂಡಿದ್ದೇನೆ. ಓದು ಏಕಾಂತದ ಕ್ರಿಯೆ. ನೋಟ ಆಗಿನ್ನೂ ಮನೆಮಂದಿಯ ಕ್ರಿಯೆಯಾಗಿತ್ತು.

ಈಗಿನ ಓ.ಟಿ.ಟಿ. ವ್ಯವಸ್ಥೆಯಲ್ಲಿ ಆ ನೋಟವೂ ಏಕಾಂತಕ್ಕೆ ಸರಿದಿದೆ. ಅದರ ಕೆಲಸದ ಬಗೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದಾಗ ಪ್ರತಿ ಕಂತಿನ ಕೆಳಗೆ 'ಸಶೇಷ' ಎಂಬ ಪುಟ್ಟ ಪದವೊಂದು ಇರುತ್ತಿತ್ತು. ಆ ಪದಕ್ಕೂ ಮುಂದಿನ ಸಂಚಿಕೆಗೂ ನಡುವೆ ಏಳು ದಿನ. ಆ ಏಳು ದಿನಗಳಲ್ಲಿ ಓದುಗರು ಜಗಳವಾಡುತ್ತಿದ್ದರು, ಊಹೆ ಕಟ್ಟುತ್ತಿದ್ದರು, ಸಂಪಾದಕರಿಗೆ ಕಾಗದ ಬರೆಯುತ್ತಿದ್ದರು. ಅಂದರೆ ಕಾದಂಬರಿಯನ್ನು ತಾವೂ ಒಂದಿಷ್ಟು ಬರೆಯುತ್ತಿದ್ದರು. ಇಂದು ಒಂದು ಕಂತು ಮುಗಿದು ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನಾಗಿ ತೊಡಗುತ್ತದೆ. ಬೇಡವೆಂದರೆ ನಾವೇ ಎದ್ದು ನಿಲ್ಲಿಸಬೇಕು. ಯಾರು ಎಲ್ಲಿ ನಿಲ್ಲಿಸಿದರು, ಎಲ್ಲಿ ಬೇಸತ್ತು ಮುಂದಕ್ಕೆ ಓಡಿಸಿದರು ಎಂಬ ಲೆಕ್ಕವೂ ಸಂಸ್ಥೆಗೆ ಸಿಗುತ್ತದೆ. ಅರಿಕೇಸರಿಗೆ ಪಂಪನ ಯಾವ ಪದ್ಯದಲ್ಲಿ ಆಕಳಿಕೆ ಬಂತೆಂಬುದು ಪಂಪನಿಗೆ ತಿಳಿಯುತ್ತಿತ್ತೋ ಇಲ್ಲವೋ. ಈ ಹೊಸ ಪ್ರಭುವಿನ ಆಕಳಿಕೆಗಳೆಲ್ಲ ದಾಖಲಾಗುತ್ತವೆ.

ಇದರಿಂದ ರೂಪಾಂತರದ ಕಷ್ಟವೇ ತಿರುವುಮುರುವಾಗಿದೆ. ಹಿಂದೆ ಚಿತ್ರಕಥಾಕಾರನ ಕೈಯಲ್ಲಿ ಕತ್ತರಿ ಇರಬೇಕಾಗಿತ್ತು. ಈಗ ಕೆಲವೊಮ್ಮೆ ಪುಟ್ಟ ಕಥೆಯನ್ನು ಎಂಟು ಗಂಟೆಗೆ ಹಿಗ್ಗಿಸಬೇಕಾಗುತ್ತದೆ. ಅಲ್ಲಿ ಹುಳಿಗೆ ನೀರು ಬೆರೆಸುವ ಅಪಾಯ. ವಿಕ್ರಮ ಚಂದ್ರರ 2006ರ ದೊಡ್ಡ ಕಾದಂಬರಿ 'ಸೇಕ್ರೆಡ್ ಗೇಮ್ಸ್' 2018ರಲ್ಲಿ ಹಿಂದಿಯಲ್ಲಿ ಎಂಟು ಕಂತುಗಳಾಗಿ ಬಂದಾಗ ಎಲ್ಲರೂ ಮೆಚ್ಚಿದರು. ಅದು ಗೆದ್ದಿತೆಂಬ ಕಾರಣಕ್ಕೆ ಮರುವರ್ಷ ಮತ್ತೆ ಎಂಟು ಬಂದವು. ಅದರಲ್ಲಿ ಕಥೆ ಕಾದಂಬರಿಯಿಂದ ಬಹುದೂರ ಅಲೆಯಿತು, ನನಗಂತೂ ರುಚಿಸಲಿಲ್ಲ. ವಿಕ್ರಮ ಸೇಠರ 'ಎ ಸೂಟಬಲ್ ಬಾಯ್' ಇದಕ್ಕೆ ತದ್ವಿರುದ್ಧ. ಸಾವಿರದ ಮುನ್ನೂರು ಪುಟಗಳನ್ನು ಮೀರಿದ ಆ ಬೃಹತ್ ಕೃತಿಯನ್ನು 2020ರಲ್ಲಿ ಬಿ.ಬಿ.ಸಿ. ಆರೇ ಕಂತುಗಳಿಗೆ ಇಳಿಸಿತು. ಅದರಲ್ಲಿ ಎಲ್ಲ ಪಾತ್ರಗಳೂ ರೈಲು ಹಿಡಿಯುವವರಂತೆ ಓಡುತ್ತಾರೆ. ಅದೇ ವರ್ಷ ನೆಟ್‌ಫ್ಲಿಕ್ಸಿನಲ್ಲಿ ಬಂದಾಗ, ದೇವಾಲಯದ ಹಿನ್ನೆಲೆಯ ಒಂದು ಚುಂಬನ ದೃಶ್ಯಕ್ಕಾಗಿ ಮಧ್ಯಪ್ರದೇಶದಲ್ಲಿ ಪೊಲೀಸು ದೂರು ದಾಖಲಾಯಿತು. ಈ ಸರಣಿಗಳು ಸೆನ್ಸಾರ್ ಮಂಡಳಿಯ ಮುಂದೆ ಹೋಗುವುದಿಲ್ಲ; 2021ರ ನಿಯಮಗಳ ಪ್ರಕಾರ ಸಂಸ್ಥೆಗಳೇ ವಯಸ್ಸಿನ ವರ್ಗೀಕರಣ ಮಾಡಿಕೊಳ್ಳಬೇಕು, ದೂರು ಕೇಳಬೇಕು. 'ಸಂಸ್ಕಾರ'ದ ಕಾಲದಲ್ಲಿ ತಡೆ ಬಿಡುಗಡೆಗೆ ಮೊದಲೇ ಬರುತ್ತಿತ್ತು, ಈಗ ಆಮೇಲೆ ಬರುತ್ತದೆ.

ಲೇಖಕನಿಗೆ ಕಾನೂನು ಏನು ಕೊಡುತ್ತದೆ ಎಂದು ಕೇಳುವವರಿಗಾಗಿ ಎರಡು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕ ಗತಿಸಿದ ವರ್ಷದ ಮುಂದಿನ ಜನವರಿಯಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಹಕ್ಕನ್ನು ಮಾರಿದ ಮೇಲೆಯೂ ತನ್ನ ಕೃತಿಯನ್ನು ವಿಕಾರಗೊಳಿಸದಂತೆ ತಡೆಯುವ ವಿಶೇಷವಾದೊಂದು ಹಕ್ಕು ಲೇಖಕನಲ್ಲಿ ಉಳಿಯುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ 1986ರಲ್ಲಿ ಹಿಂದಿ ಲೇಖಕಿ ಮನ್ನೂ ಭಂಡಾರಿಯವರ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅವರ 'ಆಪ್ ಕಾ ಬಂಟಿ' ಕಾದಂಬರಿಯನ್ನು ಚಿತ್ರ ಮಾಡಿದವರ ಮೇಲೆ ಹೂಡಿದ್ದ ದಾವೆಯದು. ನಮ್ಮ ಕಾದಂಬರಿಕಾರರಲ್ಲಿ ಎಷ್ಟು ಮಂದಿ ಇದನ್ನು ತಿಳಿದು ಒಪ್ಪಂದಕ್ಕೆ ಸಹಿ ಹಾಕುತ್ತಾರೋ! ಇನ್ನೊಂದು ಸಂಗತಿ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ತಮ್ಮ 'ಬೆಳ್ಳಿಮೋಡ' 1967ರಲ್ಲಿ ತೆರೆಗೆ ಬಂದುದನ್ನೂ ಆ ತಾಯಿ ನೋಡಲಿಲ್ಲ. ಈಗ ಯಾರು ಬೇಕಾದರೂ ಅವರ ಕಥೆಗಳನ್ನು ಸರಣಿ ಮಾಡಬಹುದು. ಕೇಳಬೇಕಾದವರು ಯಾರೂ ಇಲ್ಲ. ಇದು ಅವಕಾಶವೂ ಹೌದು, ಅಂಜಿಕೆಯೂ ಹೌದು.

ಅವಕಾಶವೆಂದೆನಾದರೂ, ಕನ್ನಡದಲ್ಲಿ ಅದನ್ನು ಬಳಸಿಕೊಳ್ಳುವವರು ವಿರಳ. ದೊಡ್ಡ ಸಂಸ್ಥೆಗಳು ಹಿಂದಿ, ತಮಿಳು, ತೆಲುಗುಗಳಲ್ಲಿ ಹೂಡುವಷ್ಟು ಹಣವನ್ನು ಕನ್ನಡದಲ್ಲಿ ಹೂಡಿಲ್ಲ. ಕರಾವಳಿಯ ಬದುಕನ್ನು ಕುರಿತ 'ಏಕಂ' ಎಂಬ ಕಥಾಸರಣಿ, ಕಾದಂಬರಿಯನ್ನು ಆಧರಿಸಿದ್ದಲ್ಲವಾದರೂ ಸಾಹಿತ್ಯದ ವಾಸನೆಯಿರುವಂಥದು, ಕೊಳ್ಳುವವರಿಲ್ಲದೆ ಕಾದು, 2024ರಲ್ಲಿ ತಯಾರಕರದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ಮಾರ್ಕ್ವೆಜ್ ಕಾದಂಬರಿ ಪ್ರಕಟವಾದ ಅದೇ 1967ರಲ್ಲಿ ನಮ್ಮಲ್ಲಿ 'ಮಲೆಗಳಲ್ಲಿ ಮದುಮಗಳು' ಪ್ರಕಟವಾಯಿತು. ಅದೂ ಒಂದು ಲೋಕ, ಅದಕ್ಕೂ ನಾಯಕನಿಲ್ಲ. ಗುತ್ತಿಯ ಹಿಂದೆ ಓಡುವ ಹುಲಿಯ ಎಂಬ ನಾಯಿಗೂ ಅಲ್ಲಿ ಹೆಗ್ಗಡೆಗಳಷ್ಟೇ ಸ್ಥಾನ. ಕೆ. ವೈ. ನಾರಾಯಣಸ್ವಾಮಿಯವರು ಅದನ್ನು ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿಸಿದಾಗ ನಾನೂ ಹೋಗಿದ್ದೆ. ಒಂಬತ್ತು ಗಂಟೆಯ ನಾಟಕ. ಒಂದು ರಂಗದಿಂದ ಇನ್ನೊಂದಕ್ಕೆ ನಾವೇ ಕಂಬಳಿ ಹೊದ್ದು ನಡೆದು ಹೋಗಬೇಕು. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಹೊತ್ತಿಗೆ ಬೆಳಗಿನ ಜಾವ. ಪಕ್ಕದಲ್ಲಿದ್ದ ಅಪರಿಚಿತ ವೃದ್ಧರೊಬ್ಬರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಯಾಕೆ ಹಿಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದೇ ಕಾದಂಬರಿಯನ್ನು ಯಾರಾದರೂ ಹದಿನಾರು ಕಂತುಗಳಲ್ಲಿ ತಂದರೆ ಖಂಡಿತ ನೋಡುತ್ತೇನೆ. ಆದರೆ ಆಗ ನನ್ನ ತೋಳು ಹಿಡಿಯಲು ಯಾರಿರುತ್ತಾರೆ?

ಈ ಮಾತು ನನ್ನನ್ನು ಒಂದು ಹಳೆಯ ತಪ್ಪಿಗೆ ಕರೆದೊಯ್ಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಅದನ್ನು ಮುಚ್ಚಿಡುವುದು ಸಲ್ಲದು. ಕರಾವಳಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದಾಗ ವೈದೇಹಿಯವರ 'ಗುಲಾಬಿ ಟಾಕೀಸು' ಕಥೆಯನ್ನು ಪಾಠ ಹೇಳುತ್ತಿದ್ದೆ. ಸಣ್ಣ ಊರೊಂದಕ್ಕೆ ಟಾಕೀಸು ಬಂದು, ಅಲ್ಲಿನ ಹೆಂಗಸರ ಬದುಕಿನಲ್ಲಿ ಅಲೆಗಳೇಳುವ ಕಥೆ ಅದು. ಕಾಸರವಳ್ಳಿಯವರು 2008ರಲ್ಲಿ ಅದನ್ನು ಚಿತ್ರ ಮಾಡಿದಾಗ ಬಹಳ ಬದಲಿಸಿದರು. ಟಾಕೀಸಿನ ಜಾಗದಲ್ಲಿ ಡಿಷ್ ಆಂಟೆನಾ ಇರುವ ಬಣ್ಣದ ಟಿ.ವಿ. ಬಂತು, ಕಾಲ 1999ರ ಕಾರ್ಗಿಲ್ ಯುದ್ಧದ್ದಾಯಿತು, ಮೀನುಗಾರರ ಕುದ್ರುವಿನಲ್ಲಿ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿ ಕಥೆಯ ಕೇಂದ್ರಕ್ಕೆ ಬಂದಳು. ಉಮಾಶ್ರೀಯವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಒಂದು ಕಿರುಪರೀಕ್ಷೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕಥೆಯ ಪ್ರಶ್ನೆಗೆ ನಾಲ್ಕು ಪುಟಗಳ ಉತ್ತರ ಬರೆದಿದ್ದಳು. ಅದರಲ್ಲಿ ದೋಣಿ, ಡಿಷ್, ಕಾರ್ಗಿಲ್ ಎಲ್ಲವೂ ಇದ್ದವು. ಕಥೆ ಇರಲಿಲ್ಲ. ನಾನು ಕೆಂಪು ಶಾಯಿಯಲ್ಲಿ 'ಪಠ್ಯವನ್ನು ಓದಿಲ್ಲ' ಎಂದು ಬರೆದು ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ಆ ಉತ್ತರದ ಕೆಲವು ಸಾಲುಗಳನ್ನು ಹಾಸ್ಯಕ್ಕೆಂದು ಓದಿಯೂ ಹೇಳಿದೆ. ಎಲ್ಲರೂ ನಕ್ಕರು. ತರಗತಿ ಮುಗಿದ ಮೇಲೆ ಆಕೆ ಬಂದು, "ಸರ್, ನಾನು ಕಥೆ ಓದ್ಲಿಲ್ಲ, ಸಿನೆಮಾ ನೋಡಿದ್ದು. ಆದ್ರೆ ನಮ್ಮ ಊರು ಹಾಗೇ ಉಂಟು ಸರ್" ಎಂದಳು. ಮೀನುಗಾರರ ಮನೆಯ ಹುಡುಗಿ ಆಕೆ. ನಾನು ಪುಸ್ತಕವನ್ನು ಕೈಗೆ ಕೊಟ್ಟು, ಮೊದಲು ಇದನ್ನು ಓದಿ ಬಾ ಎಂದು ಕಳಿಸಿದೆ. ವಾರದ ಮೇಲೆ ಪುಸ್ತಕ ಹಿಂತಿರುಗಿಸುವಾಗ ಆಕೆ ಹೇಳಿದ್ದು ಇಷ್ಟು: "ಎರಡೂ ಬೇರೆ ಬೇರೆ ಸರ್. ಕಥೆಯಲ್ಲಿ ಹೆಂಗಸ್ರು ಮನೆಯಿಂದ ಹೊರಗೆ ಬರ್ತಾರೆ. ಸಿನೆಮಾದಲ್ಲಿ ಲೋಕವೇ ಮನೆಯೊಳಗೆ ಬರ್ತದೆ. ಬಂದ ಮೇಲೆ ಅವಳನ್ನೇ ಹೊರಗೆ ಹಾಕ್ತದೆ."

ನಾನು ಹದಿನೈದು ವರ್ಷ ಪಾಠ ಹೇಳಿ ಕಾಣದ್ದನ್ನು ಆಕೆ ಮೂರು ಮಾತುಗಳಲ್ಲಿ ಕಂಡಿದ್ದಳು. ಮೂಲಕ್ಕೆ ನಿಷ್ಠವೇ ಅಲ್ಲವೇ ಎಂಬ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತ ಕುಳಿತಿದ್ದೆ. ನಿರ್ದೇಶಕರು ಟಾಕೀಸನ್ನು ಟಿ.ವಿ.ಗೆ ಬದಲಿಸಿದ್ದು ಅನುಕೂಲಕ್ಕಲ್ಲ; ಆ ನಡುವಣ ವರ್ಷಗಳಲ್ಲಿ ತೆರೆ ತಾನೇ ಬೀದಿಯಿಂದ ಮನೆಗೆ ಸ್ಥಳಾಂತರಗೊಂಡಿತ್ತು, ಅದರೊಡನೆ ಹೆಂಗಸರ ಬಿಡುಗಡೆಯ ಅರ್ಥವೂ ಬದಲಾಗಿತ್ತು. ಆ ಬದಲಾವಣೆಯೇ ಚಿತ್ರದ ವಸ್ತು. ಕಥೆಯನ್ನು ಓದಿರದಿದ್ದರೆ ಅದು ಆಕೆಗೆ ತಿಳಿಯುತ್ತಿರಲಿಲ್ಲ. ಚಿತ್ರವನ್ನು ನೋಡಿರದಿದ್ದರೂ ತಿಳಿಯುತ್ತಿರಲಿಲ್ಲ. ಸೊನ್ನೆಯನ್ನು ತಿದ್ದಿ ಅಂಕ ಕೊಟ್ಟೆ. ತರಗತಿಯಲ್ಲಿ ನಕ್ಕ ನಗುವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಎಲ್ಲರ ಎದುರು ಕ್ಷಮೆ ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈಗ ಈ ಬಾನುಲಿಯ ಮೂಲಕ ಕೇಳುತ್ತಿದ್ದೇನೆ. ಎಲ್ಲಿದ್ದರೂ ಆಕೆಗೆ ಕೇಳಿಸಲಿ.

ಇಂದು ಗುಲಾಬಿಯ ಟಿ.ವಿ.ಯೂ ಹಳತಾಗಿದೆ. ತೆರೆ ಮನೆಯ ಒಳಕೋಣೆಯನ್ನೂ ದಾಟಿ ಒಬ್ಬೊಬ್ಬರ ಅಂಗೈಗೆ ಬಂದು ಕೂತಿದೆ. ಆ ಕಥೆಯನ್ನು ಇಂದು ಮತ್ತೆ ರೂಪಾಂತರಿಸುವವರು ಯಾವ ಕುದ್ರುವನ್ನು ತೋರಿಸಬೇಕಾದೀತೆಂದು ಯೋಚಿಸುತ್ತಿದ್ದಾಗಲೇ ದೀಪಾವಳಿಯ ಆ ಮಧ್ಯಾಹ್ನ ಜಗಲಿಯಲ್ಲಿ ನನ್ನ ತಮ್ಮನ ಮಗಳು ಕಣ್ಣಿಗೆ ಬಿದ್ದದ್ದು. ಬೈಯುವ ಅಭ್ಯಾಸ ಬಿಟ್ಟಿದ್ದೇನಾದ್ದರಿಂದ ಪಕ್ಕದಲ್ಲಿ ಕುಳಿತೆ. ಅವಳು ಒಂದು ಗುಬುಟನ್ನು ತೆಗೆದು ನನ್ನ ಕಿವಿಗಿಟ್ಟಳು. ಇಬ್ಬರೂ ಒಂದು ಕಂತು ನೋಡಿದೆವು. ಮಕೊಂಡೊ ಚೆನ್ನಾಗಿಯೇ ಇತ್ತು. ಉರ್ಸುಲಾ ಮಾತ್ರ ನನ್ನ ಸೋದರತ್ತೆಯಂತಿರಲಿಲ್ಲ. ಅದನ್ನು ಹೇಳಿದೆ. "ಹಾಗಾದ್ರೆ ನಿಮ್ಮ ಅತ್ತೆ ಹೇಗಿದ್ರು ದೊಡ್ಡಪ್ಪ?" ಎಂದಳು. ಹೇಳುತ್ತ ಹೇಳುತ್ತ ಸಂಜೆಯಾಯಿತು.

ಊರಿಗೆ ಹೊರಡುವಾಗ ಕಪಾಟಿನಿಂದ ಆ ಕಾದಂಬರಿಯ ನನ್ನ ಹಳೆಯ ಪ್ರತಿಯನ್ನು ಕೇಳಿ ಒಯ್ದಳು. ಮೊನ್ನೆ ದೂರವಾಣಿಯಲ್ಲಿ ಅವಳ ದೂರು: "ದೊಡ್ಡಪ್ಪ, ಸೀರೀಸ್‌ನಲ್ಲಿ ಎಲ್ಲ ಸರಿಯಾಗಿ ಗೊತ್ತಾಗ್ತಿತ್ತು. ಇದರಲ್ಲಿ ಯಾವ ಔರೆಲಿಯಾನೊ ಯಾರ ಮಗ ಅಂತಾನೇ ತಿಳೀತಿಲ್ಲ." ಮೊದಲ ಪುಟದಲ್ಲಿ ವಂಶವೃಕ್ಷವಿದೆ, ನೋಡಿಕೋ ಎಂದೆ. "ನೋಡ್ದೆ. ಆದ್ರೂ ಗೋಜಲು" ಎಂದಳು. ನೂರಾ ಇಪ್ಪತ್ತನೆಯ ಪುಟದಲ್ಲಿದ್ದಾಳಂತೆ.